ಸೋತವನಿಗೆ ಪುಸ್ತಕ ಏನು ಹೇಳುತ್ತದೆ? – ತುಂಗಾ-ಭದ್ರಾ ತೀರದ ಓದಿನ ಚರಿತ್ರೆ

ಶಿವಮೊಗ್ಗ, ಭದ್ರಾವತಿಗಳ ಹಳೆಯ ಮನೆಗಳಲ್ಲಿ ದೇವರ ಗೂಡಿನ ಪಕ್ಕದಲ್ಲೋ ಪಡಸಾಲೆಯ ಗೋಡೆ ಬೀರುವಿನಲ್ಲೋ ಹತ್ತಾರು ಪುಸ್ತಕಗಳ ಒಂದು ಸಾಲು ಇರುವುದುಂಟು. ಡಿ.ವಿ. ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’, ಸ್ವಾಮಿ ಜಗದಾತ್ಮಾನಂದರ ‘ಬದುಕಲು ಕಲಿಯಿರಿ’, ಡಾ. ಅನುಪಮಾ ನಿರಂಜನರ ‘ತಾಯಿ ಮಗು’, ಸ್ವಾಮಿ ಪುರುಷೋತ್ತಮಾನಂದರ ‘ವಿದ್ಯಾರ್ಥಿಗೊಂದು ಪತ್ರ’ – ಇಂಥವು. ಇವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಮ್ಮೆಲೇ ಓದಿ ಮುಗಿಸಿದವರು ವಿರಳ. ಮನಸ್ಸಿಗೆ ಬೇಸರವಾದಾಗ, ಮನೆಯಲ್ಲಿ ಕಾಯಿಲೆ ಕಾಣಿಸಿಕೊಂಡಾಗ, ಮಗನ ಪರೀಕ್ಷೆ ಹತ್ತಿರ ಬಂದಾಗ ತೆಗೆದು ನಾಲ್ಕು ಪುಟ ಓದಿ ಮತ್ತೆ ಅಲ್ಲಿಯೇ ಇಟ್ಟವರೇ ಹೆಚ್ಚು. ಸಾಹಿತ್ಯ ಚರಿತ್ರೆಯನ್ನು ಬರೆಯುವ ವಿದ್ವಾಂಸರು ಕಾವ್ಯ, ಕಾದಂಬರಿ, ನಾಟಕಗಳಿಗೆ ಅಧ್ಯಾಯಗಳನ್ನು ಮೀಸಲಿಡುತ್ತಾರೆ. ಈ ಸಾಲಿನ ಪುಸ್ತಕಗಳಿಗೆ ಒಂದು ಪರಿಚ್ಛೇದ ದೊರೆತರೆ ಅದೇ ಹೆಚ್ಚು. ಆದರೆ ಜನರ ಬಾಳಿನೊಡನೆ ನೇರವಾಗಿ ಮಾತನಾಡಿದ ಪುಸ್ತಕಗಳು ಇವೇ ಎಂಬುದನ್ನು ಮರೆಯಲಾಗದು.

‘ವ್ಯಕ್ತಿತ್ವ ವಿಕಸನ ಎಂಬುದೆಲ್ಲ ಅಮೆರಿಕದಿಂದ ಬಂದ ವ್ಯಾಪಾರವಲ್ಲವೇ ಮೇಷ್ಟ್ರೇ?’ ಎಂದು ಕೇಳುವ ಶಿಷ್ಯರಿದ್ದಾರೆ. ಪ್ರಶ್ನೆಯಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಈ ಜಾತಿಯ ಗ್ರಂಥಗಳಿಗೆ ಇಂಗ್ಲಿಷಿನಲ್ಲಿ ಹೆಸರು ತಂದುಕೊಟ್ಟ ಪುಸ್ತಕ ಹುಟ್ಟಿದ್ದು ಅಮೆರಿಕದಲ್ಲಲ್ಲ, ಬ್ರಿಟನ್ನಿನಲ್ಲಿ. ಸ್ಕಾಟ್ಲೆಂಡಿನ ಸ್ಯಾಮ್ಯುಯೆಲ್ ಸ್ಮೈಲ್ಸ್ ಎಂಬ ವೈದ್ಯ-ಪತ್ರಕರ್ತನು ಲೀಡ್ಸ್ ಎಂಬ ಕೈಗಾರಿಕಾ ನಗರದಲ್ಲಿ, ಸಂಜೆಯ ಹೊತ್ತು ಕೂಡಿ ಕಲಿಯುತ್ತಿದ್ದ ಶ್ರಮಿಕ ತರುಣರೆದುರು ಭಾಷಣಗಳನ್ನು ಮಾಡಿದನು. ಆ ಭಾಷಣಗಳು ಬೆಳೆದು 1859ರಲ್ಲಿ ‘ಸೆಲ್ಫ್ ಹೆಲ್ಪ್’ ಎಂಬ ಪುಸ್ತಕವಾದವು. ಮೊದಲ ವರ್ಷದಲ್ಲೇ 20,000 ಪ್ರತಿಗಳು ಮಾರಾಟವಾದುವು. 1866ರ ಆವೃತ್ತಿಯ ಮುನ್ನುಡಿಯಲ್ಲಿ ಸ್ಮೈಲ್ಸ್ ಒಂದು ಆಕ್ಷೇಪವನ್ನು ತಾನೇ ಎತ್ತಿಕೊಳ್ಳುತ್ತಾನೆ: ಗೆದ್ದವರ ಕಥೆಯನ್ನಷ್ಟೇ ಹೇಳಿದಿರಿ, ಸೋತವರ ಚರಿತ್ರೆಯನ್ನು ಬರೆಯುವವರು ಯಾರು ಎಂಬುದು ಆ ಆಕ್ಷೇಪ. ನೂರೈವತ್ತು ವರ್ಷಗಳಿಗೂ ಹಿಂದಿನ ಈ ಪ್ರಶ್ನೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ 1929ರ ಆರ್ಥಿಕ ಕುಸಿತದಿಂದ ಅಮೆರಿಕದ ಜನ ಕಂಗೆಟ್ಟಿದ್ದಾಗ, 1936ರಲ್ಲಿ, ಡೇಲ್ ಕಾರ್ನೆಗಿ ಜನರನ್ನು ಒಲಿಸಿಕೊಳ್ಳುವ ಕಲೆಯನ್ನು ಕುರಿತು ತನ್ನ ಪ್ರಸಿದ್ಧ ಪುಸ್ತಕವನ್ನು ಹೊರತಂದನು.

ಅದೇ 1936ರಲ್ಲಿ ನಮ್ಮ ಭದ್ರಾವತಿಯಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. 1918ರಲ್ಲಿ ಆರಂಭಗೊಂಡ ಕಬ್ಬಿಣದ ಕಾರ್ಖಾನೆ ಅಷ್ಟರಲ್ಲಿ ಊರಿನ ಸ್ವರೂಪವನ್ನೇ ಬದಲಿಸಿತ್ತು. ಲೀಡ್ಸಿನಂತೆ ಭದ್ರಾವತಿಯೂ ಪಾಳಿಯ ಸೈರನ್ನಿಗೆ ಏಳುವ, ಮಲಗುವ ಊರಾಯಿತು. ನಾನಾ ಕಡೆಗಳಿಂದ ಬಂದು ನೆಲೆಸಿದವರಿಗೆ ಹುಟ್ಟೂರಿನ ಹಿರಿಯರು, ಗುರುಮಠ, ನೆಂಟರು ಹತ್ತಿರದಲ್ಲಿರಲಿಲ್ಲ. ಹಿಂದೆ ಅಜ್ಜನೋ ಪುರೋಹಿತರೋ ಹೇಳುತ್ತಿದ್ದ ನಾಲ್ಕು ಮಾತುಗಳನ್ನು ಈಗ ಯಾರು ಹೇಳಬೇಕು? ಆ ಜಾಗಕ್ಕೆ ಪುಸ್ತಕ ಬಂತು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಜಾರಿಗೆ ಬಂದ ಮೇಲಂತೂ ಕೊಳ್ಳಲಾಗದವರಿಗೂ ಅದು ಕೈಗೆಟುಕುವಂತಾಯಿತು. ಉಪದೇಶದ ಪುಸ್ತಕಗಳು ಎಲ್ಲೆಡೆ ಬೆಳೆಯುವುದು ಹೀಗೆಯೇ. ಊರು ಬಿಟ್ಟವನಿಗೆ ಮುದ್ರಿತವಾದ ಹಿರಿಯನೊಬ್ಬ ಬೇಕಾಗುತ್ತಾನೆ.

ಆದರೆ ಕನ್ನಡಿಗನಿಗೆ ಬಾಳನ್ನು ಕುರಿತ ಮಾತು ಹೊಸದೇನೂ ಆಗಿರಲಿಲ್ಲ. ನಮ್ಮದೇ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಅಲ್ಲಮಪ್ರಭು, ಉಡುತಡಿಯ ಅಕ್ಕಮಹಾದೇವಿ 12ನೆಯ ಶತಮಾನದಲ್ಲಿಯೇ ಮನಸ್ಸಿನ ಒಳಗನ್ನು ಶೋಧಿಸಿದವರು. ಸರ್ವಜ್ಞನ ತ್ರಿಪದಿಗಳು ಹೊಲಗದ್ದೆಗಳಲ್ಲಿ ಓಡಾಡಿದವು. ಸೋಮೇಶ್ವರ ಶತಕವನ್ನು ಕೂಲಿಮಠದ ಮಕ್ಕಳು ಬಾಯಿಪಾಠ ಮಾಡಿದರು. ಪಶ್ಚಿಮದಿಂದ ಬಂದದ್ದು ಗದ್ಯದ ರೂಪ, ಅಧ್ಯಾಯಗಳ ವಿಂಗಡಣೆ, ದೃಷ್ಟಾಂತ ಕಥೆಗಳ ಜೋಡಣೆ. ಒಳಗಿನ ತಿರುಳು ಬಹುಮಟ್ಟಿಗೆ ಇಲ್ಲಿನದೇ.

ಈ ತಿರುಳಿಗೆ ಆಧುನಿಕ ರೂಪ ಕೊಟ್ಟವರಲ್ಲಿ ಮೊದಲು ನೆನೆಯಬೇಕಾದವರು ಡಿವಿಜಿ (1887–1975). 1943ರಲ್ಲಿ ಕಗ್ಗ ಪ್ರಕಟವಾಯಿತು. ಅದು ಪದ್ಯವಾದರೂ ಜನ ಅದನ್ನು ಬಾಳಿನ ಕೈಪಿಡಿಯಂತೆ ಬಳಸಿದರು. ಬೆಂಗಳೂರಿನ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಲ್ಲಿ ಅವರು ಭಗವದ್ಗೀತೆಯನ್ನು ಕುರಿತು ನೀಡಿದ ಉಪನ್ಯಾಸಗಳು ‘ಜೀವನಧರ್ಮಯೋಗ’ವಾಗಿ, 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದವು. ಅದಕ್ಕೆ ಎರಡು ವರ್ಷ ಮುಂಚೆ, 1965ರಲ್ಲಿ, ಅದೇ ಪ್ರಶಸ್ತಿ ಎಸ್.ವಿ. ರಂಗಣ್ಣನವರ ‘ರಂಗಬಿನ್ನಪ’ಕ್ಕೆ ಸಂದಿತ್ತು, ಅದೂ ಬಾಳನ್ನು ಕುರಿತ ಚಿಂತನೆಗಳ ಸಂಗ್ರಹವೇ. 1976ರಲ್ಲಿ ಶಿವಮೊಗ್ಗದಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷಪೀಠದಲ್ಲಿದ್ದವರು ಇದೇ ರಂಗಣ್ಣನವರು.

ಜೊತೆಯಲ್ಲಿಯೇ ರಾಮಕೃಷ್ಣ ಪರಂಪರೆಯ ಧಾರೆ ಹರಿಯಿತು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಿಂದ ಮೈಸೂರಿಗೆ ಹೋದ ಕುವೆಂಪು, ಅಲ್ಲಿನ ಆಶ್ರಮದಲ್ಲಿ ಸ್ವಾಮಿ ಸಿದ್ಧೇಶ್ವರಾನಂದರ ವಾತ್ಸಲ್ಯದಲ್ಲಿ ಬೆಳೆದು, ರಾಮಕೃಷ್ಣರ ಮತ್ತು ವಿವೇಕಾನಂದರ ಜೀವನಚರಿತ್ರೆಗಳನ್ನು ಕನ್ನಡಕ್ಕೆ ಕೊಟ್ಟರು. ಮುಂದೆ ಸ್ವಾಮಿ ಪುರುಷೋತ್ತಮಾನಂದರು ವಿವೇಕಾನಂದರ ಬೃಹತ್ ಚರಿತ್ರೆಯನ್ನು ಮೂರು ಸಂಪುಟಗಳಲ್ಲಿ ಬರೆದುದಲ್ಲದೆ ವಿದ್ಯಾರ್ಥಿಗಳಿಗಾಗಿ ಕಿರುಹೊತ್ತಗೆಗಳನ್ನು ರಚಿಸಿದರು. 1980ರ ದಶಕದಲ್ಲಿ ಸ್ವಾಮಿ ಜಗದಾತ್ಮಾನಂದರ ‘ಬದುಕಲು ಕಲಿಯಿರಿ’ ಬಂದು ಮನೆಮಾತಾಯಿತು. ಭಯ, ಚಿಂತೆ, ಸಿಟ್ಟು, ಆತ್ಮವಿಶ್ವಾಸ, ಪ್ರಾರ್ಥನೆ – ಇವನ್ನು ಕುರಿತು ಸಣ್ಣ ಸಣ್ಣ ಘಟನೆಗಳ ಮೂಲಕ ಸ್ವಾಮೀಜಿ ಮಾತನಾಡಿದರು. ಸಂನ್ಯಾಸಿಯೊಬ್ಬರು ಮೋಕ್ಷದ ಮಾತನ್ನು ಬದಿಗಿಟ್ಟು, ರಾತ್ರಿ ನಿದ್ದೆ ಬಾರದವನ ಕಷ್ಟವನ್ನು ಮೊದಲು ವಿಚಾರಿಸಿದ್ದು ಓದುಗರಿಗೆ ಹಿಡಿಸಿತು. ಆ ಪುಸ್ತಕ ಇಂಗ್ಲಿಷಿಗೂ ಹೋಯಿತು.

ಇದು ನಂಬಿಕೆಯ ಹೊಳೆ. ಇದರ ಜೊತೆಗೆ ಇನ್ನೊಂದು ಹೊಳೆ ಹರಿದುಬಂತು. ಅದು ವೈದ್ಯರದು, ವಿಚಾರದ್ದು.

‘ರಾಶಿ’ ಎಂಬ ಹೆಸರಿನಿಂದ ನಾಡನ್ನು ನಗಿಸಿದ, 1942ರಿಂದ 1967ರವರೆಗೆ ‘ಕೊರವಂಜಿ’ ಪತ್ರಿಕೆಯನ್ನು ನಡೆಸಿದ ಡಾ. ಎಂ. ಶಿವರಾಂ ವೃತ್ತಿಯಲ್ಲಿ ವೈದ್ಯರು. ಮನಸ್ಸಿನ ವ್ಯಾಪಾರಗಳನ್ನು ಕುರಿತ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಮನೋವೈದ್ಯಕ್ಕೆ ಸಂಬಂಧಿಸಿದ ಗ್ರಂಥವೊಂದು ಕನ್ನಡದ ವರ್ಷದ ಶ್ರೇಷ್ಠ ಕೃತಿಯಾದುದು ಸಣ್ಣ ಸಂಗತಿಯಲ್ಲ. ಆ ಬಳಿಕ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಸಿ.ಆರ್. ಚಂದ್ರಶೇಖರ್ ಅವರು ಖಿನ್ನತೆ, ಆತಂಕ, ಕುಡಿತದ ಚಟ, ಪರೀಕ್ಷಾಭಯಗಳನ್ನು ಕುರಿತು ಲೆಕ್ಕವಿಲ್ಲದಷ್ಟು ಕಿರುಪುಸ್ತಕಗಳನ್ನು ಸರಳ ಕನ್ನಡದಲ್ಲಿ ಬರೆದರು. ನಮ್ಮ ಶಿವಮೊಗ್ಗದಲ್ಲಿಯೇ ಮನೋವೈದ್ಯ ಡಾ. ಅಶೋಕ್ ಪೈ ಅವರು (ನಿಧನ 2016) ಚಿಕಿತ್ಸೆಯ ಜೊತೆಗೆ ಲೇಖನಿಯನ್ನೂ ಹಿಡಿದರು. ಅವರ ಕಥೆಯನ್ನಾಧರಿಸಿ ಸುರೇಶ್ ಹೆಬ್ಳೀಕರ್ 1988ರಲ್ಲಿ ‘ಕಾಡಿನ ಬೆಂಕಿ’ ಚಿತ್ರವನ್ನು ನಿರ್ದೇಶಿಸಿದರು. ಮನಸ್ಸಿನ ಕಾಯಿಲೆಯೆಂದರೆ ದೆವ್ವದ ಕಾಟವೆಂದೋ ಪೂರ್ವಜನ್ಮದ ಪಾಪವೆಂದೋ ಮುಚ್ಚಿಡುತ್ತಿದ್ದ ಕಾಲದಲ್ಲಿ, ಅದಕ್ಕೆ ಔಷಧವುಂಟು, ನಾಚಿಕೆಪಡಬೇಕಾದುದಿಲ್ಲ ಎಂದು ಅಚ್ಚಿನಲ್ಲಿ ಕಾಣಿಸಿದ್ದೇ ಎಷ್ಟೋ ಮನೆಗಳಿಗೆ ಧೈರ್ಯವಾಯಿತು.

ಈ ಹೊಳೆಯಲ್ಲಿ ನನಗೆ ಅತ್ಯಂತ ಮುಖ್ಯರಾಗಿ ಕಾಣುವವರು ತೀರ್ಥಹಳ್ಳಿಯಲ್ಲಿ 1934ರಲ್ಲಿ ಹುಟ್ಟಿದ ಡಾ. ಅನುಪಮಾ ನಿರಂಜನ. ಕಾದಂಬರಿಕಾರ್ತಿಯೆಂದು ಪ್ರಸಿದ್ಧರಾದ ಅವರು ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’, ‘ಕೇಳು ಕಿಶೋರಿ’ ಮೊದಲಾದ ಪುಸ್ತಕಗಳಲ್ಲಿ ಹೆಣ್ಣುಮಕ್ಕಳ ದೇಹ-ಮನಸ್ಸುಗಳ ಬಗೆಗೆ ಮುಚ್ಚುಮರೆಯಿಲ್ಲದೆ, ಆದರೆ ಗೌರವದಿಂದ ಬರೆದರು. ಶಾಲೆಯ ಗ್ರಂಥಾಲಯದ ಹೊಣೆ ನನ್ನ ಮೇಲಿದ್ದ ವರ್ಷಗಳಲ್ಲಿ ಒಂದು ಸಂಗತಿಯನ್ನು ಗಮನಿಸಿದ್ದೆ. ‘ಕೇಳು ಕಿಶೋರಿ’ ಹೊರಗೆ ಹೋದರೆ ಬೇಗನೆ ಹಿಂದಿರುಗುತ್ತಿರಲಿಲ್ಲ; ಬಂದಾಗ ಅದಕ್ಕೆ ಹಳೆಯ ಪತ್ರಿಕೆಯ ರಟ್ಟು ಹಾಕಿರುತ್ತಿತ್ತು. ಒಬ್ಬಳ ಹೆಸರಿನಲ್ಲಿ ಪಡೆದ ಪುಸ್ತಕವನ್ನು ಹತ್ತು ಮಂದಿ ಓದುತ್ತಿದ್ದರು. ತಾಯಿಯನ್ನು ಕೇಳಲು ಸಂಕೋಚ, ಅಧ್ಯಾಪಕಿಯನ್ನು ಕೇಳಲು ಭಯ. ಉತ್ತರ ಕೊಟ್ಟದ್ದು ತಮ್ಮದೇ ಜಿಲ್ಲೆಯಲ್ಲಿ ಹುಟ್ಟಿದ ವೈದ್ಯೆಯ ಪುಸ್ತಕ. ಆ ಹುಡುಗಿಯರು ಇಂದು ಅಜ್ಜಿಯರಾಗುವ ವಯಸ್ಸಿನವರು. ಅನುಪಮಾ ಅವರು 1991ರಲ್ಲಿ ತೀರಿಕೊಂಡರು.

ಅದೇ 1991ರಲ್ಲಿ, ತೊಂಬತ್ತು ದಾಟಿದ ಎ.ಎನ್. ಮೂರ್ತಿರಾಯರು ‘ದೇವರು’ ಎಂಬ ಪುಸ್ತಕವನ್ನು ಪ್ರಕಟಿಸಿದರು. ದೇವರ ಅಸ್ತಿತ್ವವನ್ನು ಒಪ್ಪಲು ತಮಗೆ ಏಕೆ ಸಾಧ್ಯವಾಗಲಿಲ್ಲವೆಂಬುದನ್ನು ಅವರು ಯಾರನ್ನೂ ಹಳಿಯದೆ, ನಮ್ರವಾಗಿ ವಿವರಿಸಿದರು. ಆಸ್ತಿಕರೂ ಆ ಪುಸ್ತಕವನ್ನು ಪ್ರೀತಿಯಿಂದ ಓದಿದರು. ಎಚ್. ನರಸಿಂಹಯ್ಯನವರ ‘ತೆರೆದ ಮನ’ವೂ ಪ್ರಶ್ನಿಸುವುದನ್ನು ಕಲಿಸಿತು. ಇವರನ್ನು ಮೊದಲ ಹೊಳೆಯವರ ವಿರೋಧಿಗಳೆಂದು ಭಾವಿಸುವುದು ಸರಿಯಲ್ಲ. ಪರಮಹಂಸರ ಚರಿತ್ರೆಯನ್ನು ಬರೆದ ಕುವೆಂಪು ಅವರೇ ‘ಆತ್ಮಶ್ರೀಗಾಗಿ ನಿರಂಕುಶಮತಿಗಳಾಗಿ’ ಎಂಬ ಭಾಷಣದಲ್ಲಿ ತರುಣರಿಗೆ ಸ್ವತಂತ್ರ ಬುದ್ಧಿಯಿಂದ ಯೋಚಿಸಲು ಕರೆಯಿತ್ತವರು. ಶಿವಮೊಗ್ಗದ ತುಂಗೆಯೂ ಭದ್ರಾವತಿಯ ಭದ್ರೆಯೂ ಕೂಡಲಿಯಲ್ಲಿ ಒಂದಾಗುವಂತೆ ಈ ಎರಡು ಧಾರೆಗಳೂ ಒಂದೇ ಮನೆಯ ಕಪಾಟಿನಲ್ಲಿ ಕೂಡಿಕೊಂಡವು. ಕಗ್ಗದ ಪಕ್ಕದಲ್ಲಿ ‘ದೇವರು’ ಇದ್ದರೆ ನಮ್ಮವರಿಗೆ ಮುಜುಗರವಾಗಲಿಲ್ಲ.

1990ರ ದಶಕದಲ್ಲಿ ಗಾಳಿ ಬದಲಾಯಿತು. 1991ರ ಆರ್ಥಿಕ ಉದಾರೀಕರಣ, 1994ರಲ್ಲಿ ಆರಂಭವಾದ ಸಿ.ಇ.ಟಿ., ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಗಳು – ಇವೆಲ್ಲ ಸೇರಿ ‘ಗೆಲುವು’ ಎಂಬ ಪದಕ್ಕೆ ಹೊಸ ಬೆಲೆ ಬಂದಿತು. ಯಂಡಮೂರಿ ವೀರೇಂದ್ರನಾಥರ ‘ವಿಜಯಕ್ಕೆ ಐದು ಮೆಟ್ಟಿಲು’ ತೆಲುಗಿನಿಂದ ಬಂದು ಜನಪ್ರಿಯವಾಯಿತು. 1998ರಲ್ಲಿ ಶಿವ್ ಖೇರಾರ ‘ಯು ಕ್ಯಾನ್ ವಿನ್’ ಬಂತು. ದಿನಪತ್ರಿಕೆಗಳಲ್ಲಿ ಚಿಕ್ಕ ಅಂಕಣಗಳು ಹೆಚ್ಚಿದವು. ‘ಪ್ರಜಾವಾಣಿ’ಯಲ್ಲಿ ಡಾ. ಗುರುರಾಜ ಕರಜಗಿಯವರ ‘ಕರುಣಾಳು ಬಾ ಬೆಳಕೆ’, ‘ವಿಜಯ ಕರ್ನಾಟಕ’ದಲ್ಲಿ ಷಡಕ್ಷರಿಯವರ ‘ಕ್ಷಣ ಹೊತ್ತು ಆಣಿಮುತ್ತು’ ಬೆಳಗಿನ ಕಾಫಿಯ ಜೊತೆಗಾರರಾದವು. ಈ ಪುಸ್ತಕ, ಅಂಕಣಗಳಿಂದ ಅನೇಕ ಗ್ರಾಮೀಣ ತರುಣರಿಗೆ ಉಪಕಾರವಾಗಿದೆ. ಸಭೆಯಲ್ಲಿ ಎದ್ದು ನಿಂತು ಮಾತನಾಡಲು ಹೆದರುತ್ತಿದ್ದ ಹುಡುಗರು ಧೈರ್ಯ ತಂದುಕೊಂಡುದನ್ನು ನಾನೇ ಕಂಡಿದ್ದೇನೆ.

ಆದರೂ ಗೆಲುವಿನ ಪುಸ್ತಕಗಳ ಸುಗ್ಗಿಯಲ್ಲಿ ಒಂದು ಅಪಾಯ ಅಡಗಿದೆ. ಮನಸ್ಸು ಮಾಡಿದರೆ ಯಾರು ಬೇಕಾದರೂ ಗೆಲ್ಲಬಹುದೆಂಬ ಮಾತನ್ನು ತಿರುಗಿಸಿ ನೋಡಿ: ಸೋತವನು ಮನಸ್ಸು ಮಾಡಲಿಲ್ಲವೆಂದಾಗುತ್ತದೆ. ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ ಶಾಲೆಯ ಸೂಚನಾ ಫಲಕದ ಮುಂದೆ ನಿಂತ ಮಕ್ಕಳ ಮುಖಗಳನ್ನು ಮೂರು ದಶಕ ನೋಡಿದವನು ನಾನು. ತಂದೆ ಹಾಸಿಗೆ ಹಿಡಿದಿದ್ದರಿಂದ ಆರು ತಿಂಗಳು ಅಡಕೆ ಸುಲಿಯಲು ಹೋದ ಹುಡುಗಿ ನಪಾಸಾದರೆ ಅದನ್ನು ಅವಳ ಸಂಕಲ್ಪದ ಕೊರತೆಯೆನ್ನಬಹುದೇ? 2015ರಲ್ಲಿ ಕಾಗದ ಕಾರ್ಖಾನೆಯ ಉತ್ಪಾದನೆ ನಿಂತಾಗ ಐವತ್ತರ ಹರೆಯದ ಕಾರ್ಮಿಕನಿಗೆ ಗೆಲುವಿನ ಮೆಟ್ಟಿಲುಗಳನ್ನು ಎಣಿಸಿ ತೋರಿಸಿದರೆ ಅವನ ಮನೆಯ ಒಲೆ ಉರಿದೀತೇ? ಮನುಷ್ಯನ ಕಷ್ಟಗಳಲ್ಲಿ ಕೆಲವು ಅವನ ಸ್ವಭಾವದಿಂದ ಬಂದವು, ಕೆಲವು ಕಾಯಿಲೆಯಿಂದ, ಮತ್ತೆ ಕೆಲವು ಅವನ ಕೈಮೀರಿದ ಕಾರಣಗಳಿಂದ. ಇವನ್ನು ಬೇರ್ಪಡಿಸದೆ ಎಲ್ಲದಕ್ಕೂ ‘ಧನಾತ್ಮಕ ಚಿಂತನೆ’ ಎಂಬ ಒಂದೇ ಮಾತ್ರೆಯನ್ನು ಕೊಡುವ ಪುಸ್ತಕ ನೊಂದವನ ಹೆಗಲ ಮೇಲೆ ಅಪರಾಧದ ಹೊರೆಯನ್ನೂ ಹೇರುತ್ತದೆ.

ನಮ್ಮ ಹಿರಿಯ ಗ್ರಂಥಕರ್ತರು ಹೀಗೆ ಮಾಡಲಿಲ್ಲ. ಡಿವಿಜಿ ವಿಧಿಗೂ ಒಂದು ಪಾಲು ಬಿಟ್ಟುಕೊಟ್ಟು, ಉಳಿದುದರಲ್ಲಿ ಪುರುಷಪ್ರಯತ್ನವನ್ನು ಬೋಧಿಸಿದರು. ಸ್ವಾಮೀಜಿಯವರು ಪ್ರಾರ್ಥನೆಯ ಬಲವನ್ನು ತೋರಿಸಿದರು. ವೈದ್ಯರು ಔಷಧದ ದಾರಿಯನ್ನು ತೋರಿಸಿದರು. ಅನುಪಮಾ ಅವರು ಹೆಣ್ಣಿನ ಕಷ್ಟಕ್ಕೆ ಸಮಾಜದ ಪಾಲೂ ಉಂಟೆಂದು ಹೇಳಲು ಅಂಜಲಿಲ್ಲ. ಸ್ಮೈಲ್ಸನ ಮುಂದೆ ಬಂದ ಪ್ರಶ್ನೆಗೆ ಕನ್ನಡದ ಈ ಕಪಾಟು ಕೊಟ್ಟ ಉತ್ತರ ಇದು: ಗೆದ್ದವನಿಗೆ ವಿನಯ, ಸೋತವನಿಗೆ ಜೊತೆ.

ನನ್ನ ಶಿಷ್ಯರಲ್ಲಿ ಹಲವರು ಈಗ ತಂದೆ-ತಾಯಂದಿರು, ಕೆಲವರು ಅಧ್ಯಾಪಕರು. ಮಕ್ಕಳಿಗೆ ಇಂಥ ಪುಸ್ತಕವನ್ನು ಕೊಡುವ ಮೊದಲು ಒಂದು ಪರೀಕ್ಷೆ ಮಾಡಿರಿ ಎಂದು ಅವರಲ್ಲಿ ಕೇಳಿಕೊಳ್ಳುತ್ತೇನೆ. ಯಾವುದಾದರೊಂದು ಅಧ್ಯಾಯವನ್ನು ತೆರೆದು, ನಿನ್ನೆ ನಪಾಸಾದ ಹುಡುಗ ಇದನ್ನು ಓದಿದರೆ ಅವನಿಗೆ ಏನನ್ನಿಸೀತು ಎಂದು ಯೋಚಿಸಿರಿ. ಅವನಿಗೆ ನಾಳೆ ಬೆಳಿಗ್ಗೆ ಎದ್ದು ಮುಖ ತೊಳೆಯುವಷ್ಟು ಧೈರ್ಯ ಬರುವಂತಿದ್ದರೆ ಕೊಳ್ಳಿರಿ. ನಾನು ತರಗತಿಯಲ್ಲಿ ಕಗ್ಗವನ್ನು ಪಾಠ ಮಾಡುವಾಗಲೆಲ್ಲ ಒಂದು ವಿಷಯವನ್ನು ತಪ್ಪದೆ ಹೇಳುತ್ತಿದ್ದೆ. ಇಲ್ಲಿಯೂ ಹೇಳಿ ಮುಗಿಸುತ್ತೇನೆ. 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಗೌರವ ಡಿ.ಲಿಟ್. ಪದವಿಗೆ ಪಾತ್ರರಾದ ಡಿವಿಜಿಯವರ ಶಾಲಾಶಿಕ್ಷಣ ಮೆಟ್ರಿಕ್ಯುಲೇಷನ್ನನ್ನು ದಾಟದೆಯೇ ನಿಂತುಹೋಗಿತ್ತು.