ಧಾರವಾಡದಿಂದ ಪುಣೆಗೆ

1913ರಲ್ಲಿ ಮೆಟ್ರಿಕ್ ಮುಗಿಸಿದ ಹುಡುಗನಿಗೆ ಧಾರವಾಡದಲ್ಲಿ ಮುಂದೆ ಓದಲು ಕಾಲೇಜೇ ಇರಲಿಲ್ಲ. ಮುಂಬಯಿ ಇಲಾಖೆಗೆ ಸೇರಿದ್ದ ಕನ್ನಡ ಜಿಲ್ಲೆಗಳವರು ಪದವಿಗಾಗಿ ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. ದ.ರಾ. ಬೇಂದ್ರೆಯವರೂ ಹಾಗೆಯೇ ಪುಣೆಯ ಫರ್ಗ್ಯುಸನ್ ಕಾಲೇಜು ಸೇರಿದರು.

ಕನ್ನಡವೊಂದನ್ನೇ ಬಲ್ಲ ಹುಡುಗನಿಗೆ ತರಗತಿಯ ಇಂಗ್ಲಿಷು, ಬೀದಿಯ ಮರಾಠಿ ಎರಡೂ ಒಮ್ಮೆಗೇ ಎದುರಾಗುತ್ತಿದ್ದವು. ಬೇಂದ್ರೆಯವರಿಗಾದರೋ ಮರಾಠಿ ಮನೆಮಾತು. ಆ ಊರಿನಲ್ಲಿ ಸುಲಭವಾಗಿ ಕರಗಿಹೋಗಬಹುದಾಗಿದ್ದವರು ಅವರೇ. ಆದರೂ 1915ರಲ್ಲಿ ಗೆಳೆಯರೊಡನೆ ಅಲ್ಲಿ ‘ಶಾರದಾ ಮಂಡಳ’ ಕಟ್ಟಿ, ಕನ್ನಡದ ಮಾತುಕತೆಗೆ ಒಂದು ನೆಲೆ ಮಾಡಿಕೊಂಡರು. ಹೊರನಾಡಿನ ನಮ್ಮ ಸಂಘಗಳ ವಂಶಾವಳಿಯನ್ನು ನಾನು ಅಲ್ಲಿಂದಲೇ ಎಣಿಸುತ್ತೇನೆ, ಪಕ್ಷಪಾತವೆಂದರೂ ಸರಿಯೇ.

ಧಾರವಾಡಕ್ಕೆ ಕರ್ನಾಟಕ ಕಾಲೇಜು ಬಂದದ್ದು 1917ರಲ್ಲಿ. ಮರುವರ್ಷ ಬೇಂದ್ರೆ ಬಿ.ಎ. ಮುಗಿಸಿದರು; ಊರಿಗೆ ಮರಳಿ ಶಾಲೆಯ ಮಾಸ್ತರರಾದರು.