ಪಹಣಿ ಕಂಪ್ಯೂಟರ್ ಹೊಕ್ಕ ಕಥೆ

ಮಾಹಿತಿ ತಂತ್ರಜ್ಞಾನ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಬೆಂಗಳೂರಿನ ಗಾಜಿನ ಕಟ್ಟಡಗಳು. ಆದರೆ ಕರ್ನಾಟಕದ ದೊಡ್ಡ ಕಂಪ್ಯೂಟರ್ ಯೋಜನೆಗಳಲ್ಲೊಂದು ನಡೆದದ್ದು ತಾಲ್ಲೂಕು ಕಚೇರಿಗಳ ಮಬ್ಬುಗತ್ತಲ ಕೋಣೆಗಳಲ್ಲಿ, ಬಟ್ಟೆಯಲ್ಲಿ ಕಟ್ಟಿಟ್ಟ ದಫ್ತರಗಳ ನಡುವೆ. ಅದರ ಹೆಸರು ‘ಭೂಮಿ’. 177 ತಾಲ್ಲೂಕುಗಳು, ಸುಮಾರು 67 ಲಕ್ಷ ರೈತರು, 2 ಕೋಟಿ ಪಹಣಿಗಳು.

ಪಹಣಿ ಎಂದರೇನೆಂದು ಹಳ್ಳಿಯವರಿಗೆ ಹೇಳಬೇಕಿಲ್ಲ. ಪಟ್ಟಣದ ಓದುಗರಿಗಾಗಿ ಒಂದು ಮಾತು. ಅದರ 9ನೇ ಕಲಂನಲ್ಲಿ ಜಮೀನು ಯಾರದೆಂದು ಇರುತ್ತದೆ, 12ನೇ ಕಲಂನಲ್ಲಿ ಉಳುವವರು ಯಾರು, ಬೆಳೆ ಯಾವುದು ಎಂದು ಇರುತ್ತದೆ. 1974ರ ಭೂಸುಧಾರಣೆಯ ಕಾಲದಲ್ಲಿ ಎಷ್ಟೋ ಗೇಣಿದಾರರ ಹಣೆಬರಹ ಈ ಕಲಂನ ಒಂದು ಸಾಲಿನ ಮೇಲೆ ನಿಂತಿತ್ತು. ಆ ಸಾಲು ಬರೆಯುವ ಲೇಖನಿ ಮೊದಲು ವಂಶಪಾರಂಪರ್ಯದ ಶಾನುಭೋಗರ ಕೈಯಲ್ಲಿತ್ತು. 1963ರಲ್ಲಿ ಆ ಪದ್ಧತಿ ರದ್ದಾಗಿ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಲೇಖನಿ ಕೈ ಬದಲಾಯಿಸಿತು, ಪುಸ್ತಕ ಮಾತ್ರ ಒಬ್ಬನ ಚೀಲದಲ್ಲೇ ಉಳಿಯಿತು. ರೈತ ಅವನನ್ನು ಹುಡುಕಿಕೊಂಡು ಅಲೆಯಬೇಕು, ಸಿಕ್ಕರೆ ಕೈ ಬಿಸಿ ಮಾಡಬೇಕು.

ಇದನ್ನು ಕಂಪ್ಯೂಟರಿಗೆ ಹಾಕುವ ಮೊದಲ ಪ್ರಯತ್ನ ನಡೆದದ್ದು 1991ರಲ್ಲಿ, ಕೇಂದ್ರ ಸರ್ಕಾರದ ಹಣದಿಂದ, ಗುಲ್ಬರ್ಗ ಜಿಲ್ಲೆಯಲ್ಲಿ. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ದೊರೆತಿತ್ತು. ಆದರೂ ಫಲ ಸಿಗಲಿಲ್ಲ. ಕಾರಣ ಬಹಳ ಸರಳ. ಜಮೀನು ಮಾರಾಟವಾದಾಗ, ಪಾಲಾದಾಗ, ಯಜಮಾನ ತೀರಿಕೊಂಡಾಗ ದಾಖಲೆ ತಿದ್ದುವುದು ತಾಲ್ಲೂಕಿನಲ್ಲಿ. ಅಲ್ಲಿ ಕಂಪ್ಯೂಟರ್ ಇಡುವ ಏರ್ಪಾಡೇ ಯೋಜನೆಯಲ್ಲಿರಲಿಲ್ಲ. ಇಂದು ತುಂಬಿಸಿದ ಮಾಹಿತಿ ನಾಳೆ ಹಳಸಿತು. ಅದನ್ನು ತಾಜಾ ಇಡುವುದು ಯಾರ ಕೆಲಸವೆಂದು ಯಾರೂ ಗೊತ್ತು ಮಾಡಿರಲಿಲ್ಲ. ಯಂತ್ರ ಕೊಳ್ಳುವುದನ್ನೇ ಯೋಜನೆ ಎಂದುಕೊಂಡ ಕಚೇರಿಗಳನ್ನು ನಾವು ಆಮೇಲೂ ಬಹಳ ಕಂಡಿದ್ದೇವೆ.

‘ಭೂಮಿ’ ಈ ಪಾಠದ ಮೇಲೆ ಕಟ್ಟಿದ್ದು. ತಂತ್ರಾಂಶ ಬರೆದದ್ದು ರಾಷ್ಟ್ರೀಯ ಮಾಹಿತಿ ಕೇಂದ್ರ. ಕಂದಾಯ ಇಲಾಖೆಯಲ್ಲಿ ಅದರ ಬೆನ್ನು ಹತ್ತಿದವರು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ಯಂತ್ರ ತಾಲ್ಲೂಕಿಗೇ ಹೋಯಿತು. ಖಾಸಗಿಯವರು ಟೈಪು ಮಾಡಿದ್ದನ್ನು ಅಚ್ಚು ಹಾಕಿ ಗ್ರಾಮ ಲೆಕ್ಕಿಗರ ಕೈಗೆ ಕೊಟ್ಟರು; ಅವರು ಮೂಲ ಪುಸ್ತಕದೊಂದಿಗೆ ತಾಳೆ ನೋಡಿ ರುಜು ಹಾಕಬೇಕು. ನಮಗೆ ಇಡೀ ಯೋಜನೆಯಲ್ಲಿ ಬಹಳ ಜಾಣತನದ್ದಾಗಿ ಕಾಣುವುದು ಇದೇ. ಯಾರ ಅಧಿಕಾರ ಈ ಯಂತ್ರದಿಂದ ಕುಗ್ಗಲಿತ್ತೋ ಅವರನ್ನೇ ಜಾಮೀನುದಾರರನ್ನಾಗಿ ಮಾಡಿತು. ಅಲ್ಲದೆ ಎಷ್ಟೋ ಪುಸ್ತಕಗಳ ಕೈಬರಹ ಬರೆದವನಿಗಲ್ಲದೆ ಬೇರೆಯವರಿಗೆ ತಿಳಿಯುವಂತೆಯೂ ಇರಲಿಲ್ಲ.

ಇನ್ನೊಂದು ನಿರ್ಧಾರ ಇದಕ್ಕಿಂತ ಕಠಿಣ. ಯಾವ ತಾಲ್ಲೂಕಿನಲ್ಲಿ ಗಣಕ ಪಹಣಿ ಬರುತ್ತದೋ ಅಲ್ಲಿ ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ಇಲ್ಲ. ಹಳೆಯ ಬಾಗಿಲು ತೆರೆದಿಟ್ಟಿದ್ದರೆ ಜನ ಅಭ್ಯಾಸಬಲದಿಂದ ಅಲ್ಲೇ ನುಗ್ಗುತ್ತಿದ್ದರು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ನೋಡಬೇಕು, ಬೇಕಾದವರದನ್ನು ಮೇಲೆ ತರುವಂತಿಲ್ಲ. ಗುಪ್ತಪದದ ಬದಲು ಬೆರಳಚ್ಚು ಇಟ್ಟದ್ದರಿಂದ ‘ನನ್ನ ಹೆಸರಲ್ಲಿ ಯಾರೋ ಮಾಡಿದರು’ ಎನ್ನುವ ದಾರಿಯೂ ಮುಚ್ಚಿತು. ಆಗ 15 ರೂಪಾಯಿ ಕೊಟ್ಟರೆ ನಿಂತ ಕಾಲಲ್ಲೇ ಪಹಣಿ ಸಿಗುತ್ತಿತ್ತು. ಲಂಚ ಕಡಿಮೆಯಾದದ್ದು ನಿಜ.

ಆದರೆ ಕಿಟಕಿಯ ಈಚೆ ನಿಂತವರ ಲೆಕ್ಕವೂ ಒಂದಿದೆ. ಕಂದಾಯದ ಕನ್ನಡದಲ್ಲಿ ಎಷ್ಟೋ ಪದಗಳು ಪಾರ್ಸಿ, ಅರಬ್ಬಿಯಿಂದ ಬಂದವು: ತಹಶೀಲ್ದಾರ, ದಫ್ತರ, ಜಮೀನು, ರೈತ, ತಕರಾರು. ‘ಸಿದ್ದಪ್ಪ ಬಿನ್ ಈರಪ್ಪ’ ಎನ್ನುವಾಗಿನ ಅರಬ್ಬಿಯ ‘ಬಿನ್’ ಯಾರಿಗೂ ಪರಕೀಯವೆನಿಸಿಲ್ಲ. ಈ ಹೆಸರುಗಳಿಗೆ ಒಂದೇ ಕಾಗುಣಿತವೂ ಇರಲಿಲ್ಲ. ಒಬ್ಬನೇ ಮನುಷ್ಯ ಒಂದು ಸರ್ವೆ ನಂಬರಿನಲ್ಲಿ ಖಾಸಿಂ, ಇನ್ನೊಂದರಲ್ಲಿ ಕಾಸಿಂ, ಮತ್ತೊಂದರಲ್ಲಿ ಕಾಶಿಂಸಾಬ. ಸಿದ್ದಪ್ಪನ ಗತಿಯೂ ಅದೇ. ಊರಿನ ಲೆಕ್ಕಿಗನಿಗೆ ಮುಖ ಗೊತ್ತಿತ್ತು. ಕಂಪ್ಯೂಟರಿಗೆ ಅವರು ಮೂವರು. ಬೆಳೆಸಾಲಕ್ಕೆ ಬ್ಯಾಂಕಿಗೆ ಹೋದಾಗ ಈ ಮೂವರು ಒಬ್ಬನೇ ಎಂದು ರುಜುವಾತು ಮಾಡುವ ಹೊಣೆ ರೈತನದು. ಬಸ್ಸಿನ ಖರ್ಚು, ಅಂದಿನ ಕೂಲಿ ಎರಡೂ ಅವನದೇ.

2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಇನ್ನೂ ಖಾರವಾದ ಪ್ರಶ್ನೆ ಎತ್ತಿದರು. ದಾಖಲೆ ಒಂದೆಡೆ ಸೇರಿದಾಗ ಬೆಂಗಳೂರಿನ ಸುತ್ತ ಜಮೀನು ಹುಡುಕುವ ದೊಡ್ಡವರಿಗೇ ಹೆಚ್ಚು ಅನುಕೂಲವಾಯಿತು, ಸಣ್ಣವರು ಹಿಡಿಯಬಹುದಾದ ಸ್ಥಳೀಯ ಎಳೆಗಳು ಕಡಿದುಹೋದವು ಎಂಬುದು ಅವರ ವಾದ. ನಾವು ಅದನ್ನು ಪೂರ್ತಿ ಒಪ್ಪಲಾರೆವು. ಚೀಲದಲ್ಲಿದ್ದ ಪುಸ್ತಕವೂ ಬಡವನ ಪಾಲಿಗೆ ತೆರೆದಿರಲಿಲ್ಲ. ಆದರೆ ಯೋಜನೆ ಗೆದ್ದಿತೆಂದು ಅಳೆಯುವಾಗ ಕಿಟಕಿಯವರೆಗೆ ಬರಲಾರದವರನ್ನು ಯಾರೂ ಎಣಿಸುವುದಿಲ್ಲ ಎಂಬುದು ಸುಳ್ಳಲ್ಲ.

ಆಮೇಲೆ ಪಹಣಿ ಹೋಬಳಿಯ ನಾಡಕಚೇರಿಗೂ ಬಂತು, ಅಂತರ್ಜಾಲಕ್ಕೂ ಬಂತು. ಗ್ರಾಮ ಲೆಕ್ಕಿಗರು ಈಗ ಗ್ರಾಮ ಆಡಳಿತಾಧಿಕಾರಿಗಳು. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸಲು ಹೊರಟಾಗ ಲಕ್ಷಗಟ್ಟಲೆ ಪಹಣಿಗಳು ತೀರಿಹೋದವರ ಹೆಸರಿನಲ್ಲೇ ಇರುವುದು ಎದ್ದು ಕಂಡಿತು. ಕೆಲವು ಮುತ್ತಜ್ಜನ ಕಾಲದವು. ವಾರಸುದಾರರ ಹೆಸರಿಗೆ ಅವನ್ನು ಮಾಡಿಕೊಡಲು ಸರ್ಕಾರ ಪೌತಿ ಖಾತೆ ಆಂದೋಲನ ಆರಂಭಿಸಿತು. ತೀರಿಕೊಂಡವರಿಗೆ ಮಕ್ಕಳೆಷ್ಟು, ಹೆಣ್ಣುಮಕ್ಕಳನ್ನು ಎಲ್ಲಿಗೆ ಕೊಟ್ಟಿದೆ ಎಂದು ಕೇಳಿ ವಂಶವೃಕ್ಷ ಬರೆದುಕೊಳ್ಳುವ ಕೆಲಸ ಮತ್ತೆ ಅದೇ ಗ್ರಾಮ ಆಡಳಿತಾಧಿಕಾರಿಯ ಪಾಲಿಗೆ ಬಂದಿದೆ.