ಡಯಾಲಿಸಿಸ್ ರೋಗಿಗಳಲ್ಲಿ ರಕ್ತನಾಳಗಳ ಸುಣ್ಣಗಟ್ಟುವಿಕೆ: ಅಪಾಯಕಾರಿ ಅಂಶಗಳು

ಅಪಧಮನಿಗಳ ಗೋಡೆಯಲ್ಲಿ ಕ್ಯಾಲ್ಸಿಯಂ ಮತ್ತು ರಂಜಕ ಲವಣರೂಪದಲ್ಲಿ ಸೇರಿಕೊಳ್ಳುವುದೇ ರಕ್ತನಾಳಗಳ ಸುಣ್ಣಗಟ್ಟುವಿಕೆ. ಇದರಿಂದ ನಾಳಗಳು ಬಿರುಸಾಗಿ ಹೃದಯದ ಹೊರೆ ಹೆಚ್ಚುತ್ತದೆ. ಡಯಾಲಿಸಿಸ್ ಪಡೆಯುವವರ ಸಾವಿಗೆ ಹೃದ್ರೋಗವು ಪ್ರಮುಖ ಕಾರಣವಾಗಿರುವುದರಿಂದ ಮನೆಯವರೂ ಇದನ್ನು ಅರಿತಿರಬೇಕು.

ಇದು ಮುಪ್ಪಿನ ಲಕ್ಷಣ ಮಾತ್ರವಲ್ಲ. 2000ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 20ರಿಂದ 30 ವರ್ಷ ವಯಸ್ಸಿನ 16 ಡಯಾಲಿಸಿಸ್ ರೋಗಿಗಳ ಪೈಕಿ 14 ಮಂದಿಯ ಹೃದಯದ ರಕ್ತನಾಳಗಳಲ್ಲಿ ಸುಣ್ಣ ಕಂಡುಬಂದಿತು. ಇವರು ಹೆಚ್ಚು ವರ್ಷಗಳಿಂದ ಡಯಾಲಿಸಿಸ್ ಪಡೆಯುತ್ತಿದ್ದರು. ಕ್ಯಾಲ್ಸಿಯಂಯುಕ್ತ ಮಾತ್ರೆಗಳನ್ನೂ ಹೆಚ್ಚು ಸೇವಿಸುತ್ತಿದ್ದರು.

ಸಾಮಾನ್ಯ ಅಂಶಗಳು: ಹೆಚ್ಚಿದ ವಯಸ್ಸು, ಡಯಾಲಿಸಿಸ್‌ನ ದೀರ್ಘಾವಧಿ, ಮಧುಮೇಹ, ರಕ್ತದೊತ್ತಡ, ಧೂಮಪಾನ, ದೇಹದಲ್ಲಿ ಬಹುಕಾಲ ಉಳಿಯುವ ಉರಿಯೂತ.

ರಂಜಕ: ಆರೋಗ್ಯವಂತ ಮೂತ್ರಪಿಂಡವು ಹೆಚ್ಚುವರಿ ರಂಜಕವನ್ನು ಹೊರಹಾಕುತ್ತದೆ. ವಾರಕ್ಕೆ 3 ಬಾರಿ, ತಲಾ 4 ಗಂಟೆ ನಡೆಯುವ ಡಯಾಲಿಸಿಸ್‌ಗೆ ಆಹಾರದಿಂದ ಬರುವ ರಂಜಕವನ್ನೆಲ್ಲ ತೆಗೆಯಲಾಗದು. ರಕ್ತದಲ್ಲಿ ಉಳಿದ ರಂಜಕವು ನಾಳದ ಸ್ನಾಯುಕೋಶಗಳಿಗೆ ಮೂಳೆಕೋಶಗಳ ಗುಣವನ್ನು ತರುತ್ತದೆ.

ಕ್ಯಾಲ್ಸಿಯಂ ಮತ್ತು ಹಾರ್ಮೋನು: ಕ್ಯಾಲ್ಸಿಯಂ ಮಾತ್ರೆ ಹಾಗೂ ಡಿ ಜೀವಸತ್ವ ಮಿತಿಮೀರಿದರೆ ಅಪಾಯ ಹೆಚ್ಚುತ್ತದೆ. ಪ್ಯಾರಾಥೈರಾಯ್ಡ್ ಹಾರ್ಮೋನು ಹೆಚ್ಚಾದರೆ ಮೂಳೆಯ ಸುಣ್ಣ ರಕ್ತಕ್ಕಿಳಿಯುತ್ತದೆ. ತೀರ ಕಡಿಮೆಯಾದರೆ ಮೂಳೆಯು ಸುಣ್ಣವನ್ನು ಹೀರಿಕೊಳ್ಳಲಾರದು.

ಔಷಧ: ರಕ್ತ ಹೆಪ್ಪುಗಟ್ಟದಂತೆ ನೀಡುವ ವಾರ್ಫರಿನ್, ಕೆ ಜೀವಸತ್ವದ ಕೆಲಸವನ್ನು ತಡೆಯುವುದರಿಂದ ನಾಳಗಳ ಸಹಜ ರಕ್ಷಣೆಯನ್ನೂ ಕುಗ್ಗಿಸುತ್ತದೆ. ಆದರೆ ವೈದ್ಯರನ್ನು ಕೇಳದೆ ಇದನ್ನು ನಿಲ್ಲಿಸಕೂಡದು.

ಪತ್ತೆ: ಹೊಟ್ಟೆಯ ಪಾರ್ಶ್ವ ಎಕ್ಸ್‌ರೇಯಲ್ಲಿ ಮಹಾಪಧಮನಿಯ ಸುಣ್ಣ ಕಾಣಬಹುದು, ಹೃದಯ ಕವಾಟಗಳ ಸುಣ್ಣವನ್ನು ಎಕೋ ಪರೀಕ್ಷೆ ತೋರಿಸುತ್ತದೆ.

ಮನೆಯಲ್ಲಿ ಗಮನಿಸಬೇಕಾದುದು: ಕೋಲಾ ಪಾನೀಯ, ಸಂಸ್ಕರಿತ ಮಾಂಸ ಮತ್ತು ಚೀಸ್‌ಗಳಿಗೆ ಬೆರೆಸಿದ ರಂಜಕವು ಬಹುಪಾಲು ರಕ್ತಕ್ಕೆ ಸೇರುತ್ತದೆ; ಬೇಳೆಕಾಳುಗಳಲ್ಲಿರುವುದು ಭಾಗಶಃ ಮಾತ್ರ. ಆದ್ದರಿಂದ ಮೊದಲು ಬಿಡಬೇಕಾದುದು ಬಾಟಲಿ ಮತ್ತು ಪೊಟ್ಟಣದ ತಿನಿಸುಗಳನ್ನು. ರಂಜಕವನ್ನು ಹಿಡಿದಿಡುವ ಮಾತ್ರೆಯನ್ನು ಊಟದ ಜೊತೆಗೇ ಸೇವಿಸಬೇಕು. ಬರಿಹೊಟ್ಟೆಯಲ್ಲಿ ನುಂಗಿದರೆ ಆಹಾರದ ರಂಜಕವನ್ನು ಅದು ತಡೆಯಲಾರದು.

ಗಡಿಭಾಗದ ಆಸ್ಪತ್ರೆಗಳಲ್ಲಿ ಪಥ್ಯದ ಪಟ್ಟಿ ಬೇರೆ ಭಾಷೆಯಲ್ಲಿದ್ದರೆ, ಅರ್ಥವನ್ನು ಊಹಿಸದೆ ಕೇಳಿ ತಿಳಿದು ಕನ್ನಡದಲ್ಲಿ ಬರೆದುಕೊಳ್ಳಿ. ಒಮ್ಮೆ ಕಟ್ಟಿದ ಸುಣ್ಣವನ್ನು ಕರಗಿಸುವುದು ಕಷ್ಟ. ಅದು ಬೆಳೆಯದಂತೆ ನೋಡಿಕೊಳ್ಳುವುದೇ ವಿವೇಕ.